ನೆಟ್ಟಗಿದ್ದ ಹೃದಯ ಎಡಕ್ಕೆ ವಾಲಿದ್ದು

ಬೆಟ್ಟಗಳು ಎಲ್ಲಿ ಕೂರಬೇಕೆಂದು ಇನ್ನೂ ಜಗಳವಾಡುತ್ತಿದ್ದ ಕಾಲ. ನೆಲದ ಮಣ್ಣು ಒಣಗಿರಲಿಲ್ಲ. ಆಗ ಪ್ರಾಣಿಗಳ ಒಳಗೆ ಎಡಕ್ಕೆ ಏನಿತ್ತೋ ಬಲಕ್ಕೂ ಅದೇ.

ಆ ಕಾಲದಲ್ಲಿ ಮೊದಲ ಇಲಿಯವ್ವ ಬಸುರಿಯಾದಳು. ಹೊಟ್ಟೆಯಲ್ಲಿ ಸಾಸಿವೆಯಷ್ಟು ಮರಿ. ಮರಿಯೊಳಗೊಂದು ಹೃದಯ. ಹೃದಯವೆಂದರೆ ಆಗ ಬರೀ ಒಂದು ಕೊಳವೆ. ತಾವರೆ ದಂಟಿನ ಹಾಗೆ ನೆಟ್ಟಗೆ, ನಟ್ಟನಡುವೆ.

"ನಾನು ಯಾರ ಕಡೆಗೂ ವಾಲೋದಿಲ್ಲ" ಎಂದು ಅದಕ್ಕೆ ಭಾರೀ ಹೆಮ್ಮೆ.

ಹೃದಯ ಬೆಳೆಯಿತು, ಅದು ಕೂತಿದ್ದ ಗೂಡು ಬೆಳೆಯಲಿಲ್ಲ. ಮೇಲೂ ತಗುಲಿತು, ಕೆಳಗೂ ತಗುಲಿತು. ಬಾಗದಿದ್ದರೆ ಮರಿ ಉಳಿಯುವುದಿಲ್ಲ. ಬಾಗುವುದಾದರೂ ಯಾವ ಕಡೆಗೆ? ಆ ಕಡೆಯೂ ಒಂದೇ, ಈ ಕಡೆಯೂ ಒಂದೇ. ಯೋಚಿಸುತ್ತ ಯೋಚಿಸುತ್ತ ಅದರ ಬಡಿತ ನಿಧಾನವಾಯಿತು.

ಇಲಿಯವ್ವನಿಗೆ ಗಾಬರಿ. ಗಾಳಿಯನ್ನು ಕೇಳಿದಳು: "ಅಣ್ಣ, ನನ್ನ ಮರಿಯ ಹೃದಯ ಯಾವ ಕಡೆ ಬಾಗಬೇಕು?"

"ನನ್ನನ್ನ ಕೇಳ್ತೀಯಲ್ಲ ತಂಗಿ, ಬೆಳಗ್ಗೆ ಹೋದ ಕಡೆ ಸಂಜೆ ನಾನೇ ಹೋಗೋದಿಲ್ಲ."

ಹೊಳೆಯನ್ನು ಕೇಳಿದಳು. "ನಂಗೆ ಗೊತ್ತಿರೋದು ಇಳಿಜಾರು ಒಂದೇ ಕಣವ್ವ" ಎಂದಿತು ಹೊಳೆ. "ನಿನ್ನ ಮರಿಯೊಳಗೂ ನೀರಿದೆಯಲ್ಲ, ಅದು ಯಾವ ಕಡೆ ಹೋಗ್ತಿದೆ, ಕೇಳಿ ನೋಡು."

ಇಲಿಯವ್ವ ಹೊಟ್ಟೆ ಸವರಿಕೊಂಡು ಕೇಳಿದಳು: "ಒಳಗೆ ಯಾರಿದ್ದೀರವ್ವ? ನೀರು ಯಾವ ಕಡೆ ಹೋಗ್ತಿದೆ?"

ಮರಿಯೊಳಗೆ ಒಂದು ಪುಟ್ಟ ನೀರಿನ ಗುಂಡಿಯಿತ್ತು. ಗುಂಡಿಯ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲೆಳೆಯಂಥ ಅಕ್ಕತಂಗಿಯರು. ಹೃದಯ ಹುಟ್ಟುವ ಮೊದಲೇ ಬಂದು ಕೂತವರು. ಬೀಸುಕಲ್ಲು ಹಿಡಿದವರ ಹಾಗೆ ತುಸು ಹಿಂದಕ್ಕೆ ಒರಗಿ, ಎಲ್ಲರೂ ಒಂದೇ ಸುತ್ತು, ಒಂದೇ ಸುತ್ತು. ಬೀಸುವವರು ಕಲ್ಲನ್ನು ಉಲ್ಟಾ ತಿರುಗಿಸುತ್ತಾರೆಯೇ?

"ಎಡಕ್ಕೆ ಅವ್ವ" ಎಂದಳು ಹಿರಿಯಕ್ಕ, ಬೀಸುವುದನ್ನು ನಿಲ್ಲಿಸದೆ. "ಮೊದಲಿಂದಲೂ ನೀರನ್ನ ಎಡಕ್ಕೇ ತಳ್ತಿದ್ದೀವಿ. ಗುಂಡಿಯ ಎಡದಡಕ್ಕೆ ಎಲ್ಲ ಗೊತ್ತು. ಹೃದಯ ಅನ್ನೋ ನಿಮ್ಮ ದೊಡ್ಡ ಮನುಷ್ಯ ಒಂದು ಮಾತು ಕೇಳಿದ್ದರೆ ತಾನೆ?"

ಹೃದಯ ಮುಖ ಸಣ್ಣದು ಮಾಡಿಕೊಂಡು ಎಡದಡವನ್ನು ಕೇಳಿತು.

"ಬಾರಪ್ಪ" ಎಂದಿತು ದಡ. "ಮೊದಲು ನಿನ್ನ ನಡುವನ್ನ ಬಲಕ್ಕೆ ಉಬ್ಬಿಸಿ ಸುತ್ತಿಕೋ. ಆಮೇಲೆ ತುದಿಯನ್ನ ನಮ್ಮ ಕಡೆ ಚಾಚು."

ಹೃದಯ ಬಾಗಿತು. ಬಲಕ್ಕೆ ಉಬ್ಬಿತು, ಸುತ್ತಿಕೊಂಡಿತು, ಎಡಕ್ಕೆ ತುದಿ ಚಾಚಿತು. ಒಂದು ಕೊಳವೆ ಇದ್ದಲ್ಲಿ ಕೋಣೆಗಳಾದವು. ರಕ್ತ ಸರಾಗವಾಗಿ ಹರಿಯಿತು. ಇಲಿಯವ್ವನ ಮರಿ ಹುಟ್ಟಿತು, ಹುಟ್ಟಿದ ಕೂಡಲೇ ಹಾಲಿಗಾಗಿ ಕಿಚಪಿಚ ಎಂದಿತು.

ಅಷ್ಟರಲ್ಲಿ ಗುಂಡಿ ಮುಚ್ಚಿಹೋಗಿತ್ತು. ಅಷ್ಟು ದೊಡ್ಡ ಕೆಲಸ ಮಾಡಿದ ಅಕ್ಕತಂಗಿಯರು ಒಂದು ಲೋಟ ಮಜ್ಜಿಗೆಗೂ ಕಾಯದೆ ಎದ್ದು ಹೋಗಿದ್ದರು.

ಅಂಥವರೇ ನೀನು ಹುಟ್ಟುವ ಮೊದಲು ನಿನ್ನೊಳಗೂ ಬಂದು ಕೂತು ನೀರು ತಿರುಗಿಸಿ ಹೋದದ್ದರಿಂದಲೇ, ಪುಟ್ಟಿ, ಓಡಿ ಬಂದು ಎದೆಯ ಮೇಲೆ ಅಂಗೈ ಇಟ್ಟರೆ ಬಡಿತ ನಿನಗೆ ಒಂಚೂರು ಎಡಕ್ಕೇ ಸಿಗುವುದು.