ದೋಣಿಯಲ್ಲಿ ಸಾಹುಕಾರರ ಮೆರವಣಿಗೆ

ಲಂಡನ್ನಿನಲ್ಲಿ ಮಸಾಲೆ ವ್ಯಾಪಾರ ಮಾಡುವ ಗುರುಪಾದಪ್ಪ ಸಾಹುಕಾರರು ಬೇಸಿಗೆ ರಜೆಗೆಂದು ಹೊಸ ದೋಣಿ ಕೊಂಡರು. ಅದನ್ನು ಕಾರಿನ ಹಿಂದೆ ಟ್ರೇಲರ್ ಮೇಲೆ ಕಟ್ಟಿ, ಫ್ರಾನ್ಸ್ ದಾಟಿಸಿ, ಮೆಡಿಟರೇನಿಯನ್ ದಂಡೆಯ ತನಕ ಎಳೆದು ತಂದವನು ಡ್ರೈವರ್ ಸಿದ್ರಾಮ. ಕಡಲ ದಂಡೆಯ ಊರು ಇನ್ನೇನು ಬಂತು ಎನ್ನುವಾಗ ಸಾಹುಕಾರರು ಕಾರು ನಿಲ್ಲಿಸಲು ಹೇಳಿದರು.

"ಪ್ಯಾಟಿ ಒಳಗ ನಾ ದೋಣ್ಯಾಗ ಕುಂತು ಬರ್ತೀನಿ. ಮಂದಿ ನೋಡ್ಲಿ."

ಹಾಗೆ ಕೂರಿಸಿಕೊಂಡು ಹೋದರೆ ಪೊಲೀಸರು ಹಿಡಿಯುವುದು ಡ್ರೈವರನನ್ನು. ಲೈಸೆನ್ಸ್ ಹೋದರೆ ಅನ್ನವೂ ಹೋಯಿತು. ಆದರೆ ಇಲ್ಲದ ಮಾಲೇ ಬೇಕೆನ್ನುವ ಗಿರಾಕಿಯ ಹಾಗೆ ಸಾಹುಕಾರರು, ಒಲ್ಲೆ ಅಂದಷ್ಟೂ ಹಟ ಹಿಡಿಯುವವರು.

"ಆಗ್ಲಿರೀ ಧಣ್ಯಾರ. ಚಕ್ಕಳಮಕ್ಕಳ ಹಾಕಿ ನಟ್ಟಗ ಕೂಡ್ರಿ. ವಾಲಬಾರದಂತ ಹಗ್ಗ ಕಟ್ಟತೀನಿ."

ಕಟ್ಟಿದ. ದೋಣಿಯ ಪೂಜೆಗೆಂದು ತಂದಿದ್ದ ಸೇವಂತಿಗೆ ಹಾರವನ್ನು ಅವರ ಕೊರಳಿಗೆ ಹಾಕಿದ. ಹಣೆ ತುಂಬ ವಿಭೂತಿ ಬಳಿದ. ಸಾಹುಕಾರರು ಹಿಗ್ಗಿದರು.

ಆಮೇಲೆ ಕಾರಿನಲ್ಲಿ ಕೂತಿದ್ದ ಅವರ ಹೆಂಡತಿ ನೀಲಗಂಗವ್ವನಿಗೆ ಹೇಳಿದ: "ಅವ್ವಾರ, ಇಳೀರಿ. ನೀವು ದೋಣಿ ಹಿಂದ ನಡಕೊಂತ ಬರ್ರಿ."

ನೀಲಗಂಗವ್ವ ಇಳಿದು ಗಂಡನನ್ನು ನೋಡಿದರು.

"ಶಿವನ. ನಮ್ಮ ಮಂದ್ಯಾಗ ಹಿಂಗ ಕುಂಡ್ರಿಸಿ, ಹಾರ ಹಾಕಿ ಒಯ್ಯೋದು ಹೆಣಾನ. ಇಳೀರಿ ಮೊದಲ."

ಸಾಹುಕಾರರು ಹಾರ ನೋಡಿಕೊಂಡರು. ಹಗ್ಗ ನೋಡಿಕೊಂಡರು. "ಲಗೂನ ಬಿಚ್ಚೋ," ಎಂದರು.

"ಮಂದಿ ನೋಡೋದು ಬ್ಯಾಡೇನ್ರೀ?"

"ಬಾಯಿ ಮುಚ್ಚಿ ಗಾಡಿ ಹೊಡಿ."

ದೋಣಿ ಸುಖವಾಗಿ ನೀರಿಗಿಳಿಯಿತು. ರಜೆ ಮುಗಿಯುವ ತನಕ ಸಾಹುಕಾರರು ದಿನವೂ ಅದರಲ್ಲಿ ವಿಹಾರ ಮಾಡಿದರು. ಆದರೆ ಒಂದು ಸಲವೂ ಕಾಲು ಮಡಚಿ ಕೂರಲಿಲ್ಲ.