ಊರ ಸೊಸೆಯರೆಲ್ಲ ಹೇಳಿದ ಹೆಸರು

“ಅಜ್ಜಿ, ನಾನು ಕಟ್ಟಿದ ಪದವನ್ನು ಇನ್ನೊಬ್ಬರು ತಮ್ಮ ಹೆಸರು ಹಾಕಿಕೊಂಡು ಫೋನಿನಲ್ಲಿ ಊರೂರು ತಿರುಗಿಸಿದರೆ, ಆ ಪದ ಯಾರದು?”

ಕೇಳಿದವಳು ದಾಕ್ಷಾಯಿಣಿ. ಮದುವೆ ಹಾಡು ಕಲಿಯಲು ಕಾಶವ್ವಜ್ಜಿಯ ಹತ್ತಿರ ಬರುವವಳು. ಅವಳ ಹಾಡನ್ನು ಯಾರೋ ಎತ್ತಿಕೊಂಡಿದ್ದರು. ಅಂದಿನಿಂದ ಅವಳು ಒಂದು ಸಾಲನ್ನೂ ಕಟ್ಟಿರಲಿಲ್ಲ. ಇನ್ನು ಕಟ್ಟುವುದೂ ಇಲ್ಲ ಎಂದು ಹೇಳಿಹೋಗಲೆಂದೇ ಅವತ್ತು ಬಂದಿದ್ದಳು.

ಕಾಶವ್ವಜ್ಜಿ ಎಲೆಗೆ ಸುಣ್ಣ ಹಚ್ಚಿದಳು. “ಕೂಡು. ಒಂದು ಮನೆಯ ಮಾತು ಹೇಳತೀನಿ. ನಾ ಹೇಳಿದೆ ಅಂತ ಎಲ್ಲೂ ಬಾಯಿ ಬಿಡಬ್ಯಾಡ,” ಎಂದು ಶುರು ಮಾಡಿದಳು.

ಒಂದು ಊರಿನಲ್ಲಿ ಒಬ್ಬ ಹಿಟ್ಟಿನ ಗಿರಣಿಯವನಿದ್ದ. ಹೆಸರು ಅಡಿವೆಪ್ಪ. ಪಾಪದವನು. ಹೆಂಗಸರು ಜೋಳ ತಂದರೆ ಡಬ್ಬಿ ನೋಡುತ್ತಿದ್ದ, ಮುಖ ನೋಡುತ್ತಿರಲಿಲ್ಲ. ಗಂಡನಿಗೆ ಇಲ್ಲದ ಬಾಯನ್ನೂ ದೇವರು ಹೆಂಡತಿಗೇ ಕೊಟ್ಟಿದ್ದ.

ಮದುವೆಯಾಗಿ ಬಂದ ಸೊಸೆಯನ್ನು ಹೊಸ್ತಿಲಲ್ಲಿ ತಡೆಯುವುದು ನಮ್ಮ ಕಡೆಯ ರಿವಾಜು. “ಗಂಡನ ಹೆಸರು ಹೇಳು, ಆಮ್ಯಾಲ ಒಳಗ ಬಾ,” ಎಂದು ನಾದಿನಿಯರು ಅಡ್ಡ ನಿಲ್ಲುತ್ತಾರೆ. ಬರೀ ಹೆಸರು ನಡೆಯುವುದಿಲ್ಲ. ಪ್ರಾಸ ಕೂಡಿಸಿ ಒಡಪು ಕಟ್ಟಿ, ಅದರೊಳಗೆ ಹೆಸರು ಇಟ್ಟು ಹೇಳಬೇಕು. ಆ ಊರಿನ ಹೆಣ್ಣುಮಕ್ಕಳಿಗೆಲ್ಲ ಒಡಪು ಕಟ್ಟಿಕೊಡುತ್ತಿದ್ದವಳು ಈ ಗಿರಣಿಯಾಕೆ. ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು, ವರ ಹೇಗೆ, ಅತ್ತೆ ಹೇಗೆ, ಮೈದುನ ಕುಡಿಯುತ್ತಾನೋ ಇಲ್ಲವೋ ಎಂದು ಬಗೆದು ಬಗೆದು ಕೇಳುತ್ತಿದ್ದಳು. ಒಡಪಿಗೆ ಅಷ್ಟೆಲ್ಲ ಬೇಕಿರಲಿಲ್ಲ. ಅವಳಿಗೆ ಬೇಕಿತ್ತು.

ಒಂದು ತೊಟ್ಟಿಲ ಕಾರ್ಯದಲ್ಲಿ ಹೆಂಗಸರು ಅವಳನ್ನೇ ಹಿಡಿದುಕೊಂಡರು. “ಎಲ್ಲಾರ ಗಂಡಂದಿರ ಹೆಸರು ಹೇಳಸ್ತಿ. ನಿನ್ನ ಗಂಡಂದು ಹೇಳು ನೋಡೂಣ!” ಅವಳು ಸೆರಗು ಸರಿ ಮಾಡಿಕೊಂಡು ಹೇಳಿದಳು:

“ಜ್ವಾಳ ಒಡದರ ಹಿಟ್ಟು, ಸಿಟ್ಟು ಒಡದರ ನಗು;
ಹಿಟ್ಟಿನಾಗ ಹೊರಳಿ ಬರತಾರ ನಮ್ಮ ಅಡಿವೆಪ್ಪ, ಮೀಸಿ ಬಂದ ಮಗು.”

ಮನೆಯೇ ಹಾರಿಹೋಗುವ ಹಾಗೆ ನಕ್ಕರು. ಅಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದ ಸ್ಟುಡಿಯೋದವನು ಮಾತ್ರ ನಗಲಿಲ್ಲ. ಮರುದಿನ ಆ ಒಡಪು ಎಲ್ಲರ ಫೋನಿನಲ್ಲಿತ್ತು. ಕೆಳಗೆ ಅವನ ಸ್ಟುಡಿಯೋ ಹೆಸರು, ಮಿಣಮಿಣ ಮಿಂಚುತ್ತಿತ್ತು. ಅವಳ ಹೆಸರು ಎಲ್ಲೂ ಇರಲಿಲ್ಲ.

ಗಿರಣಿಯಾಕೆ ನೇರ ಸ್ಟುಡಿಯೋದವನ ಅಂಗಡಿಗೆ ನಡೆದಳು. “ಮಾತು ನಂದು, ಗಂಡ ನನ್ನವ. ನಡುವ ನಿಂದೇನೋ ಮುರಿಗೆಪ್ಪ?”

“ಮಾತು ನಿನ್ನ ಬಾಯಿಂದ ಹೊಂಟು ಗಾಳಿಗೆ ಹೋತು, ಅಕ್ಕಾ. ಗಾಳ್ಯಾಗಿಂದು ಹಿಡದವರದು.”

ಅವಳು ಹಿರಿಯರ ಹತ್ತಿರ ಹೋದಳು. ಹಿರಿಯರು ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಅದನ್ನೇ ನೋಡುತ್ತಿದ್ದರು. “ಯಾರಿಗೆ ಏನು ನಷ್ಟ ಆತವ್ವಾ?” ಎಂದು ಒಬ್ಬ ಹಿರಿಯ ಕಣ್ಣೊರೆಸಿಕೊಂಡು ಕೇಳಿದ. ನಕ್ಕು ಬಂದ ನೀರು ಅದು. ಮನೆಗೆ ಬಂದವಳೇ ಬಾಯಿ ಕಟ್ಟಿಕೊಂಡಳು. ಯಾವ ತಾಯಿ ಬಂದು ಕೇಳಿದರೂ ಒಡಪು ಇಲ್ಲ. “ಫೋನಿನಾಗ ಐತಿ, ಹೋಗಿ ನೋಡ್ಕೊಳ್ರಿ,” ಎಂದಳು.

ಹುಡುಗಿಯರು ನೋಡಿಕೊಂಡರು.

ಮೊದಲ ಮದುವೆ ಗೌಡರ ಮನೆಯದು. ವರ ರುದ್ರಗೌಡ. ಸೊಸೆ ಹೊಸ್ತಿಲಲ್ಲಿ ನಿಂತಳು. ಹೆದರಿದ ಹುಡುಗಿ, ಹತ್ತಾರು ಸಲ ಕೇಳಿ ಬಾಯಿಪಾಠ ಮಾಡಿದ್ದಳು. ಕಣ್ಣು ಮುಚ್ಚಿ ಒಂದೇ ಉಸಿರಿಗೆ, ಜೋಳದಿಂದ ಮೀಸೆಯವರೆಗೆ, ನಡುವಿನ ಅಡಿವೆಪ್ಪನ ಸಮೇತ ಒಪ್ಪಿಸಿಬಿಟ್ಟಳು.

ಅತ್ತೆಯ ಕೈಯಲ್ಲಿದ್ದ ಆರತಿ ಅಲ್ಲೇ ನಿಂತಿತು. “ಯಾರವ್ವಾ ಈ ಅಡಿವೆಪ್ಪ?”

ಹಿಂದಿನಿಂದ ಒಬ್ಬಳು, ಯಾರು ಅಂತ ನಾನು ಹೇಳುವುದಿಲ್ಲ, “ಗಿರಣಿಯವ ಇರಬೇಕು. ಈಕಿ ತವರಿಂದ ಗಿರಣಿ ಎಷ್ಟು ದೂರ ಐತಿ?” ಎಂದಳು. ಸಾಕಲ್ಲ! ಜೋಳ ಬೀಸಿಸುವ ನೆಪದಲ್ಲಿ ರುದ್ರಗೌಡ ಗಿರಣಿಗೆ ಬಂದ. ಹಿಟ್ಟು ಬಿಟ್ಟು ಅಡಿವೆಪ್ಪನನ್ನು ಮೇಲಿಂದ ಕೆಳಗೆ ನೋಡಿದ. ಮುಂದಿನ ಮದುವೆಯಲ್ಲೂ ಹಾಗೇ ಆಯಿತು, ಆ ವರನೂ ಬಂದು ನೋಡಿದ. ಅಡಿವೆಪ್ಪ ಚೀಲಗಳ ಹಿಂದೆ ಅಡಗಿ ಕೂತು, “ನಾ ಏನು ಮಾಡೇನಿ?” ಎಂದು ಹೆಂಡತಿಯನ್ನು ಕೇಳಿದ. “ಮೀಸಿ ಬಿಟ್ಟೀರಲ್ಲ, ಅದ ತಪ್ಪು,” ಎಂದಳು ಅವಳು.

ಜನ ಸ್ಟುಡಿಯೋದವನ ಮೈಮೇಲೆ ಬಿದ್ದರು. ಅವನು ಜಾಣ. ಕಂಪ್ಯೂಟರಿನಲ್ಲಿ ಕೂತು ಹೆಸರಿದ್ದ ಕಡೆ ದನಿಯನ್ನು ಕತ್ತರಿಸಿ ತೆಗೆದ. ಮುಂದಿನ ಸೊಸೆ ಅದನ್ನೂ ಹಾಗೇ ಕಲಿತಳು. “ಹಿಟ್ಟಿನಾಗ ಹೊರಳಿ ಬರತಾರ ನಮ್ಮ...” ಎಂದು ಬಾಯಿ ತೆರೆದು ಸುಮ್ಮನೆ ನಿಂತು, “...ಮೀಸಿ ಬಂದ ಮಗು,” ಎಂದು ಮುಗಿಸಿದಳು. ಗಂಡನ ಹೆಸರಿನ ಜಾಗದಲ್ಲಿ ಬರೀ ಗಾಳಿ! ಹುಡುಗಿಗೆ ಮದುವೆಯ ಮೇಲೆ ಮನಸ್ಸಿಲ್ಲ ಎಂದು ಅತ್ತೆ ಅಲ್ಲೇ ಕೂತು ಅತ್ತಳು.

ಹೀಗಿರುವಾಗ ಸ್ಟುಡಿಯೋದ ಮುರಿಗೆಪ್ಪನ ಮದುವೆಯೇ ನಿಶ್ಚಯವಾಯಿತು. ತನ್ನ ವಧುವಿಗೊಂದು ಒಡಪು ಬೇಕೆಂದು ಅವನು ಕೈಮುಗಿದು ಗಿರಣಿಯಾಕೆಯ ಹತ್ತಿರ ಬಂದ. ಅವಳು ಬಾಗಿಲು ಹಾಕಿದಳು. ಎರಡು ದಿನ ಬಿಟ್ಟು ವಧುವೇ ಬಂದಳು.

“ಅಕ್ಕಾ, ನಾ ನಿನ್ನ ಗಂಡನ ಹೆಸರು ಹೇಳಂಗಿಲ್ಲ. ನನಗ ನನ್ನ ಗಂಡಂದು ಬೇಕು.”

“ಅವ ಹೆಂಗದಾನ?”

“ಯಾರಿಗ್ಗೊತ್ತು? ನೋಡಾಕ ಬಂದಾಗ ಮುಖಕ್ಕ ಕ್ಯಾಮೆರಾ ಹಿಡಕೊಂಡಿದ್ದ.”

ಗಿರಣಿಯಾಕೆಗೆ ಸಿಟ್ಟಿತ್ತು, ನಿಜ. ಆದರೆ ಇಂಥ ಮಾತು ಕಿವಿಗೆ ಬಿದ್ದ ಮೇಲೆ ಸುಮ್ಮನಿರುವ ಬಾಯಿಯೇ ಅದು? ಎಷ್ಟೋ ದಿನದಿಂದ ಕಟ್ಟಿಟ್ಟದ್ದು, ತುರಿಸತೊಡಗಿತು. ಹುಡುಗಿಯನ್ನು ಒಳಗೆ ಎಳೆದುಕೊಂಡಳು. ಆಮೇಲೆ ಒಳಗಿನಿಂದ ಇಬ್ಬರ ನಗೆಯೂ ಕೇಳಿಸಿತು.

ಮದುವೆಯ ದಿನ ಮುರಿಗೆಪ್ಪ ಬಾಸಿಂಗ ಕಟ್ಟಿದ ಮುಖಕ್ಕೇ ಕ್ಯಾಮೆರಾ ಹಿಡಿದುಕೊಂಡು ಹೊಸ್ತಿಲ ಒಳಗಡೆ ನಿಂತಿದ್ದ. ವಧು ನೇರ ಅವನನ್ನೇ ನೋಡಿ ಹೇಳಿದಳು:

“ಮಂದಿ ಮದುವಿ ಎಲ್ಲಾ ಹಿಡದ್ರು, ತಮ್ಮ ಮದುವಿ ಕಾಣಲಿಲ್ಲ;
ಡಬ್ಬಿ ಇಳಿಸಿ ನನ್ನ ನೋಡ್ರಿ ಅಂದ್ರ, ಮುರಿಗೆಪ್ಪಗ ಮನಸು ಬರಲಿಲ್ಲ.”

ಹಂದರ ಅಲುಗಾಡಿತು. ಅವನು ಕ್ಯಾಮೆರಾ ಇಳಿಸಿದ. ಆದರೆ ಹಂದರದಲ್ಲಿ ಫೋನುಗಳಿಗೇನು ಬರವೇ? ಊಟಕ್ಕೆ ಎಲೆ ಹಾಕುವುದರೊಳಗೆ ಅದು ತಾಲ್ಲೂಕು ದಾಟಿತ್ತು. “ಅಳಿಸ್ರಪೋ, ಅದು ನನ್ನ ಹೇಂತಿ ಮಾತು!” ಎಂದು ಮದುಮಗ ಪಂಕ್ತಿಯಿಂದ ಪಂಕ್ತಿಗೆ ಓಡಾಡಿದ. “ಗಾಳ್ಯಾಗಿಂದು ಹಿಡದವರದು, ತಮ್ಮಾ,” ಎಂದು ಕಟ್ಟೆಯ ಆ ಹಿರಿಯನೇ ಹೋಳಿಗೆ ಮುರಿಯುತ್ತ ಹೇಳಿದ.

ಗಿರಣಿಯಾಕೆ ಅದನ್ನು ನೋಡಲು ನಿಲ್ಲಲಿಲ್ಲ. ಮುಂದಿನ ವಾರದ ವಧು ಆಗಲೇ ಅವಳ ಸೆರಗು ಹಿಡಿದು ಮೂಲೆಗೆ ಕರೆದೊಯ್ದಿದ್ದಳು.

ಕಾಶವ್ವಜ್ಜಿ ಎಲೆ ಬಾಯಿಗಿಟ್ಟುಕೊಂಡಳು. ದಾಕ್ಷಾಯಿಣಿಗೆ ನಗು ಬಂದಿತ್ತು, ಆದರೂ ಬಿಡಲಿಲ್ಲ. “ಅಕಿದು ಮೊದಲಿನ ಒಡಪು? ಅದು ಅಕಿಗೆ ತಿರುಗಿ ಬಂತಾ, ಅಜ್ಜಿ?”

“ಎಲ್ಲಿಂದ ಬರತೈತಿ? ಇನ್ನೂ ಸ್ಟುಡಿಯೋ ಹೆಸರ ಮ್ಯಾಲ ತಿರುಗತೈತಿ.”

“ಮತ್ತ ನಂದೂ ಹೋದಂಗ. ಕಳ್ಳರು ಒಯ್ದರು ಅಂತ ಸುಮ್ಮ ಕೂಡೋದ?”

ಅಜ್ಜಿ ಅವಳ ಮುಖವನ್ನೇ ನೋಡಿದಳು.

“ನೀ ಕಟ್ಟಿದ್ದನ್ನ ಅವರು ಒಯ್ದರು, ಅಂದಿನಿಂದ ನೀ ಕಟ್ಟದ ಬಿಟ್ಟ ಪದ ಅದಾವಲ್ಲ, ಅವನ್ನ ಯಾರು ಒಯ್ದರು ಮಗಳ?”