ನಾಲ್ವರಿಗೆ ಒಂದು ಒಲೆ

"ಬುದ್ಧಿ, ಜೊತೆಗಿರುವವರು ಬಿಟ್ಟು ಹೋಗದಂತೆ ಉಳಿಸಿಕೊಳ್ಳುವುದು ಹೇಗೆ?" ಎಂದು ಶಿಷ್ಯ ಪಂಚಾಕ್ಷರಿ ಕೇಳಿದ.

ಗುರುಗಳು ಮಠದ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. "ಯಾರು ಹೊರಟಿದ್ದಾರೆ?" ಎಂದರು.

ಪಂಚಾಕ್ಷರಿ ಪಟ್ಟಣದಲ್ಲಿ ಒಂದು ಕೋವರ್ಕಿಂಗ್ ನಡೆಸುತ್ತಿದ್ದ. ಸ್ವಂತ ಕಚೇರಿ ಇಲ್ಲದ ಹದಿನಾಲ್ಕು ಜನ ಅವನ ಹಜಾರದಲ್ಲಿ ಬಾಡಿಗೆಗೆ ಮೇಜು ಹಿಡಿದು ಅವರವರ ಕೆಲಸ ಮಾಡಿಕೊಳ್ಳುತ್ತಿದ್ದರು. ಕರೆಂಟು ತಾರಸಿಯ ಸೋಲಾರಿನಿಂದ, ನೀರು ಮಳೆಯ ತೊಟ್ಟಿಯಿಂದ. ಎಲ್ಲರಿಗೂ ಸೇರಿ ಒಂದೇ ಪ್ರಿಂಟರ್, ಒಂದೇ ಅಡುಗೆಮನೆ. ಯಾವುದೂ ದಂಡವಾಗಬಾರದೆಂಬುದು ಅವನ ಹಟ. ಆದರೆ ಈಚೆಗೆ ದೂರುಗಳು ಶುರುವಾಗಿದ್ದವು. ಒಬ್ಬರ ಫೋನಿನ ಮಾತು ಇನ್ನೊಬ್ಬರಿಗೆ ಆಗದು. ಪ್ರಿಂಟರಿನ ಮುಂದೆ ಕಾಯಲು ಯಾರಿಗೂ ತಾಳ್ಮೆಯಿಲ್ಲ. ಮೊದಲಿದ್ದ ಹದಿನಾರು ಜನರಲ್ಲಿ ಇಬ್ಬರು ಆಗಲೇ ಬಿಟ್ಟು ಹೋಗಿದ್ದರು.

"ಒಬ್ಬೊಬ್ಬರಿಗೂ ಬೇರೆ ಗಾಜಿನ ಕೋಣೆ, ಬೇರೆ ಪ್ರಿಂಟರ್, ಬೇರೆ ಏಸಿ ಹಾಕಿಸಿಬಿಡೋಣ ಅಂತಿದ್ದೇನೆ. ಸೋಮವಾರ ಕೆಲಸದವರು ಬರುತ್ತಾರೆ," ಎಂದ ಪಂಚಾಕ್ಷರಿ. ಆಮೇಲೆ ದನಿ ತಗ್ಗಿಸಿದ. "ಇವರೂ ಹೋದರೆ ನನಗೆ ಯಾರಿದ್ದಾರೆ ಬುದ್ಧಿ? ಅಕ್ಕ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಾಡಿಸುವವರಿಲ್ಲ. ದಿನಕ್ಕೆ ನಾಲ್ಕು ಜನರ ದನಿ ಕಿವಿಗೆ ಬೀಳುವುದು ಅಲ್ಲಿ ಮಾತ್ರ."

"ಗಾಜಿನ ವಿಷಯ ಬಡಗಿಯನ್ನು ಕೇಳಬೇಕಪ್ಪಾ, ಸನ್ಯಾಸಿಯನ್ನಲ್ಲ. ನನ್ನ ಹತ್ತಿರ ಇರುವುದು ಕತೆ. ಬೇಕಾದರೆ ಕೇಳು," ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಹೆಂಡತಿ ಸತ್ತ ವರ್ಷವೇ ಅವನ ವ್ಯಾಪಾರವೂ ನಿಂತಿತು. ಕಾಳುಕಡಿ ತುಂಬುತ್ತಿದ್ದ ದೊಡ್ಡ ಹಜಾರ ಬರಿದಾಯಿತು. ಅದರ ಹಿಂದಿನ ಕೋಣೆಯಲ್ಲಿ ಅವನೊಬ್ಬನೇ ಉಳಿದ. ಕೆಮ್ಮಿದರೆ ಅವನ ಕೆಮ್ಮೇ ಹಜಾರದಿಂದ ತಿರುಗಿ ಕೇಳುತ್ತಿತ್ತು. ಅವನಿಗೆ ಭಯವಾಯಿತು. ಕಸುಬಿನವರು ಬಂದು ಕೂರಬಹುದು, ಹಜಾರ ಬಾಡಿಗೆಗಿದೆ ಎಂದು ಊರಲ್ಲಿ ಹೇಳಿಸಿದ. ಬಾಡಿಗೆಯ ಮಾತು ಹೇಳಿಸಿದನೇ ಹೊರತು ಭಯದ ಮಾತು ಹೇಳಿಸಲಿಲ್ಲ.

ನಾಲ್ವರು ಬಂದರು. ಒಬ್ಬ ದರ್ಜಿ, ಒಬ್ಬ ಪುಸ್ತಕಕ್ಕೆ ರಟ್ಟು ಕಟ್ಟುವವ, ಒಬ್ಬಳು ಅರಗಿನ ಬಳೆ ಮಾಡುವವಳು, ಒಬ್ಬ ತೂತು ಕೊಡಗಳಿಗೆ ಬೆಸುಗೆ ಹಾಕುವವ. ನಾಲ್ವರಿಗೂ ಬೆಂಕಿ ಬೇಕು. ದರ್ಜಿಯ ಇಸ್ತ್ರಿಪೆಟ್ಟಿಗೆಗೆ ಕೆಂಡ, ರಟ್ಟಿನವನ ಅಂಟು ಕುದಿಯಲು ಉರಿ, ಬಳೆಯವಳ ಅರಗು ಮೆತ್ತಗಾಗಲು ಕಾವು, ಬೆಸುಗೆಯವನ ಕಬ್ಬಿಣ ಕಾಯಲು ಇನ್ನಷ್ಟು ಕಾವು. ವರ್ತಕ ನಡುವೆ ಒಂದೇ ದೊಡ್ಡ ಒಲೆ ಹಾಕಿಸಿದ. ಸಂಜೆ ಕೊನೆಗೆ ಏಳುವವರು ಕೆಂಡಕ್ಕೆ ಬೂದಿ ಮುಚ್ಚಬೇಕು, ಬೆಳಿಗ್ಗೆ ಮೊದಲು ಬಂದವರು ಬೂದಿ ಸರಿಸಿ ಊದಬೇಕು. ಇದೊಂದೇ ಕಟ್ಟಳೆ. ವರ್ಷವಿಡೀ ಒಲೆ ಆರಲಿಲ್ಲ. ಒಂದು ಮನೆಗೆ ಬೇಕಾಗುವಷ್ಟು ಇದ್ದಿಲಿನಲ್ಲಿ ನಾಲ್ಕು ಕಸುಬು ನಡೆದವು.

ಕಸುಬು ನಡೆದಂತೆ ಜಗಳವೂ ನಡೆಯಿತು. ಒಬ್ಬನಿಗೆ ಉರಿ ಹೆಚ್ಚಾಯಿತು, ಇನ್ನೊಬ್ಬನಿಗೆ ಕಡಿಮೆಯಾಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಸರದಿಗೆ ಕಾಯುತ್ತ ಬೈದುಕೊಂಡರು. ಬೈದು ಸಾಕಾದ ಮೇಲೆ ಮನೆಯ ಮಾತು ಆಡಿಕೊಂಡರು. ಬಳೆಯವಳ ಮಗಳ ಹೆರಿಗೆ, ದರ್ಜಿಯ ಮಂಡಿನೋವು, ಯಾರ ಮನೆಯ ಸಾರು ಹಳಸಿತು ಎಂಬುದೆಲ್ಲ ಆ ಒಲೆಯ ಮುಂದೆಯೇ ಹೊರಬಿತ್ತು. ವರ್ತಕ ತನ್ನ ಕೋಣೆಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಬೈಗುಳವೂ ಅವನಿಗೆ ಹಿತವಾಗಿತ್ತು. ಒಮ್ಮೊಮ್ಮೆ ಬಳೆಯವಳು, "ಬನ್ನಿ ಯಜಮಾನರೇ, ಕೂತುಕೊಳ್ಳಿ," ಎಂದು ಕರೆಯುವಳು. "ನನಗೆ ಕೆಲಸವಿದೆ," ಎಂದು ಅವನು ಒಳಗೆ ಹೋಗುವನು. ಅವನಿಗೆ ಯಾವ ಕೆಲಸವೂ ಇರಲಿಲ್ಲ.

ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು, ಏನಾದರೂ ಕೊರತೆಯಿದೆಯೇ ಎಂದು ಕೇಳುವುದು ಅವನ ರೂಢಿ. ಒಂದು ದಿನ ದರ್ಜಿಯ ಬಿಳಿ ಬಟ್ಟೆಯ ಮೇಲೆ ಬೂದಿ ಬಿತ್ತು. ಅದೇ ದಿನ ರಟ್ಟಿನವನ ಅಂಟು ಸೀದು ಹೋಯಿತು. ಇಬ್ಬರೂ ವರ್ತಕನ ಹತ್ತಿರ ಬಂದು ಕೂಗಾಡಿದರು. ಹೀಗಾದರೆ ನಾವು ಇರುವುದಿಲ್ಲ ಎಂದರು. ಸಿಟ್ಟಿನಲ್ಲಿ ಆಡಿದ ಮಾತು, ಉಣ್ಣುವ ಹೊತ್ತಿಗೆ ಅವರೇ ಮರೆತರು. ವರ್ತಕ ಮರೆಯಲಿಲ್ಲ. ಮರುವಾರವೇ ನಾಲ್ಕು ಸಣ್ಣ ಒಲೆ ತರಿಸಿ ನಾಲ್ವರ ಪಕ್ಕದಲ್ಲೂ ಇಡಿಸಿದ. ದೊಡ್ಡ ಒಲೆ ಒಡೆಸಿ ನೆಲ ಸಾರಿಸಿದ. ಇದ್ದಿಲು ಮೂರುಪಟ್ಟು ಸುಟ್ಟಿತು. ಸುಡಲಿ, ಜನ ಉಳಿದರೆ ಸಾಕು ಎಂದುಕೊಂಡ.

ಎಲ್ಲರಿಗೂ ಸಂತೋಷವಾಯಿತು. ಯಜಮಾನನೆಂದರೆ ಇವನಪ್ಪ ಎಂದರು. ಕಾಯುವುದು ತಪ್ಪಿತು, ಜಗಳ ತಪ್ಪಿತು. ಕೂತಲ್ಲಿಂದ ಏಳುವುದೂ ತಪ್ಪಿತು. ಬರುವರು, ಗೋಡೆಯ ಕಡೆ ಮುಖ ಮಾಡಿ ಕೆಲಸ ಮಾಡುವರು, ಹೋಗುವರು. ರಟ್ಟಿನವನು ಒಮ್ಮೆ ಜ್ವರ ಬಂದು ಆರು ದಿನ ಮಲಗಿದ. ಏಳನೆಯ ದಿನ ಬಂದು ಕೂತ. ಎಲ್ಲಿ ಹೋಗಿದ್ದೆ ಎಂದು ಒಬ್ಬರೂ ಕೇಳಲಿಲ್ಲ. ಅವರು ಕೆಟ್ಟವರಲ್ಲ. ಅವನು ಬಾರದಿದ್ದುದು ಅವರಿಗೆ ಗೊತ್ತೇ ಆಗಿರಲಿಲ್ಲ.

ಅವನೇ ಮೊದಲು ಬಿಟ್ಟವನು. ಒಲೆ ಚಿಕ್ಕದು, ಮನೆಯ ಜಗಲಿಯಲ್ಲೇ ಹಿಡಿಸುತ್ತದೆ ಎಂದ. ಮುನಿಸೇನೂ ಇರಲಿಲ್ಲ, ಕೈಮುಗಿದೇ ಹೋದ. ಬಳೆಯವಳು ಹೋದಳು. ಬೆಸುಗೆಯವನು ಹೋದ. ಕೊನೆಗೆ ದರ್ಜಿಯೂ ಬಟ್ಟೆ ಮಡಿಸಿಟ್ಟು ಎದ್ದ.

"ಏನು ಕೊರತೆಯಾಯಿತು ಹೇಳಪ್ಪ, ಇವತ್ತೇ ಸರಿಮಾಡಿಸುತ್ತೇನೆ," ಎಂದ ವರ್ತಕ.

"ಅಯ್ಯೋ, ಕೊರತೆ ಎಲ್ಲಿ ಬಂತು ಯಜಮಾನರೇ? ಎಲ್ಲ ಕೊಟ್ಟಿದ್ದೀರಿ," ಎಂದ ದರ್ಜಿ. "ಒಬ್ಬನೇ ಕೂರುವುದಾದರೆ ಇಲ್ಲೇನು, ಮನೆಯಲ್ಲೇನು? ನಿಮಗೂ ಒಂದು ತಲೆನೋವು ಕಳೆಯಿತು ಬಿಡಿ."

ಹಾಗೆಂದು ದರ್ಜಿ ಸ್ವಲ್ಪ ಹೊತ್ತು ನಿಂತ. ವರ್ತಕನ ಬಾಯಿಯ ತನಕ ಆ ಭಯದ ಮಾತು ಬಂತು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ನುಂಗಿಕೊಂಡ. ಹೊಲಿಗೆ ಯಂತ್ರ ಭಾರವಾಗಿತ್ತು. ಒಂದು ಕಡೆ ದರ್ಜಿ ಹಿಡಿದ, ಇನ್ನೊಂದು ಕಡೆ ವರ್ತಕನೇ ಹಿಡಿದ. ಬಾಗಿಲು ದಾಟುವಾಗ, "ಹುಷಾರಪ್ಪ, ಮೆಟ್ಟಿಲಿದೆ," ಎಂದ. ಅಷ್ಟೇ ಅವನು ಆಡಿದ್ದು.

ಗಾಡಿ ಹೋಯಿತು. ವರ್ತಕ ಒಳಗೆ ಬಂದು ಹಜಾರದ ನಡುವೆ ನಿಂತ. ಅವನಿಗೆ ಅಳು ಬಂತು. ಅತ್ತು ಮುಗಿದ ಮೇಲೆ ನಾಲ್ಕೂ ಒಲೆಗಳ ಬೂದಿ ತೆಗೆದು ಚೊಕ್ಕಟ ಮಾಡಿಟ್ಟ. ನಾಳೆ ಯಾರಾದರೂ ಬರಬಹುದು ಎಂದುಕೊಂಡ. ಯಾರೂ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿ ಮತ್ತೆ ಹುಣಸೆಹಣ್ಣಿಗೆ ಕೈಹಾಕಿದರು.

ಪಂಚಾಕ್ಷರಿಯ ಮುಖ ಅರಳಿತು. "ತಿಳಿಯಿತು ಬುದ್ಧಿ. ಒಲೆ ಒಡೆಸಿದ್ದೇ ಅವನ ತಪ್ಪು. ಗಾಜಿನ ಕೋಣೆ ಬೇಡ, ಸೋಮವಾರ ಕೆಲಸದವರು ಬರುವುದೂ ಬೇಡ. ಈಗಲೇ ಫೋನು ಮಾಡಿ ಹೇಳಿಬಿಡುತ್ತೇನೆ," ಎಂದು ಜೇಬಿಗೆ ಕೈಹಾಕಿದ.

"ಒಲೆ ಒಡೆಸಿದ ಮೇಲೂ ದರ್ಜಿ ಸ್ವಲ್ಪ ಹೊತ್ತು ನಿಂತಿದ್ದನಲ್ಲ," ಎಂದರು ಗುರುಗಳು.

ಪಂಚಾಕ್ಷರಿ ಅರ್ಥವಾಗದೆ ನೋಡಿದ. ಗುರುಗಳು ತಲೆಯೆತ್ತಲಿಲ್ಲ.

"ನನಗೆ ಯಾರೂ ಇಲ್ಲ ಎನ್ನುವುದಕ್ಕೆ ಎರಡು ಬಸ್ಸು ಹತ್ತಿ ನನ್ನ ಹತ್ತಿರ ಬಂದೆಯಲ್ಲ ಮಗಾ, ಅಲ್ಲಿ ಕೂರುವ ಹದಿನಾಲ್ಕು ಜನರಲ್ಲಿ ಯಾರಿಗೆ ಈ ಮಾತು ಹೇಳಿದ್ದೀಯೆ?"